ದೀಪದ ಹೊಕ್ಕಳು

ನಮ್ಮ ಮನೆಯಲ್ಲಿ ದೀಪವನ್ನು ತಿನ್ನುತ್ತಿದ್ದೆವು.

ಶ್ರಾವಣ ಶನಿವಾರ ಆಚರಿಸುವ ಮನೆಯವರಿಗೆ ಇದು ಹೊಸದಲ್ಲ. ಹಸಿ ಅಕ್ಕಿ ಹಿಟ್ಟಿನ ತಂಬಿಟ್ಟಿನಲ್ಲಿ ದೀಪ ಮಾಡಿ, ತುಪ್ಪ ತುಂಬಿಸಿ, ಶ್ರೀನಿವಾಸನ ಮುಂದೆ ಹಚ್ಚುವುದು. ಅದು ಶಾಂತವಾದ ಮೇಲೆ ಮುರಿದು ಪ್ರಸಾದ ಹಂಚುವುದು. ಎಷ್ಟೋ ಮನೆಗಳಲ್ಲಿ ಇದೆ, ನಾನೂ ಎಷ್ಟೋ ಮನೆಗಳಲ್ಲಿ ತಿಂದಿದ್ದೇನೆ. ಆದರೆ ನಮ್ಮಜ್ಜಿಯ ದೀಪದ ರುಚಿ ಬೇರೆಲ್ಲೂ ಸಿಕ್ಕಿರಲಿಲ್ಲ. ಕಳೆದ ಶನಿವಾರ ಸಿಕ್ಕಿತು. 40 ವರ್ಷಗಳ ಮೇಲೆ. ಅವತ್ತಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಆಗ ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಎಂಟು ಮನೆ, ಒಂದೇ ನಲ್ಲಿ. ಶ್ರಾವಣದ ಶನಿವಾರ ಬಂತೆಂದರೆ ಅಜ್ಜಿ ಬೆಳಗ್ಗೆಯೇ ನನಗೂ ಅಣ್ಣನಿಗೂ ತಲೆಗೆ ನೀರು ಹಾಕಿ, ಹಣೆಗಿಟ್ಟು, ಕೈಗೆ ಹಿತ್ತಾಳೆ ಚೊಂಬು ಕೊಡುತ್ತಿದ್ದರು. ಹುಣಸೆಹಣ್ಣು ಹಾಕಿ ಫಳಫಳ ಅನ್ನುವ ಹಾಗೆ ಉಜ್ಜಿದ ಚೊಂಬು. ಅದಕ್ಕೆ ಮೂರು ನಾಮ, ಕತ್ತಿಗೆ ತುಳಸಿ. ಐದು ಮನೆ ಬಾಗಿಲಲ್ಲಿ ನಿಂತು "ವೆಂಕಟರಮಣಾ ಗೋವಿಂದಾ" ಎಂದು ಕೂಗಬೇಕು. ಅವರು ಹಾಕಿದಷ್ಟು ಅಕ್ಕಿ ತರಬೇಕು. ಆ ಅಕ್ಕಿಯಲ್ಲೇ ದೀಪ.

ನಮ್ಮನೆ ಡಬ್ಬದ ಅಕ್ಕಿ ಒಂದು ಕಾಳೂ ಅದಕ್ಕೆ ಬೀಳುತ್ತಿರಲಿಲ್ಲ. ಅಣ್ಣನಿಗೆ ಬೇಡುವುದೆಂದರೆ ನಾಚಿಕೆ. "ನಮ್ಮ ಹತ್ರಾನೇ ಅಕ್ಕಿ ಇದೆಯಲ್ಲ ಅಜ್ಜಿ, ಯಾಕೆ ಬೇಡಬೇಕು?" ಅಂತ ಒಂದು ಸಲ ಕೇಳಿಬಿಟ್ಟ. ಅಜ್ಜಿ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ. "ಅವನು ತನ್ನ ಮದುವೆಗೇ ಕುಬೇರನ ಹತ್ರ ಸಾಲ ಮಾಡಿದವನು ಕಣೋ. ಇನ್ನೂ ತೀರಿಸ್ತಾನೇ ಇದಾನೆ. ಅವನ ದೀಪಕ್ಕೆ ನಮ್ಮ ಡಬ್ಬದ ಅಕ್ಕಿ ಸುರಿದು ದೊಡ್ಡಸ್ತಿಕೆ ತೋರಿಸ್ತೀಯಾ?" ಎಂದರು. ಅಣ್ಣ ಮತ್ತೆ ಕೇಳಲಿಲ್ಲ.

ಐದು ಮನೆಯ ಅಕ್ಕಿ ಐದು ಥರ. ಒಬ್ಬರದು ಸಣ್ಣಕ್ಕಿ. ಒಬ್ಬರದು ಊರಿಂದ ಮೂಟೆ ಬರುತ್ತಿದ್ದ ಕೆಂಪಕ್ಕಿ. ಇನ್ನೊಬ್ಬರು ಕಷ್ಟ ಸುಖ ಎಲ್ಲ ಕೇಳಿಕೊಂಡು ಪಾವಿನ ತುಂಬ ಹಾಕುತ್ತಿದ್ದರು. ಕೊನೇಮನೆಯಲ್ಲಿ ಹೂವು ಕಟ್ಟಿ ಮಾರುವ ಒಬ್ಬ ಹೆಂಗಸಿದ್ದರು. ನಾವು ಹೂವಮ್ಮ ಅನ್ನುತ್ತಿದ್ದೆವು. ಅವರದು ಸೊಸೈಟಿ ಅಕ್ಕಿ, ಅಂದರೆ ರೇಷನ್ ಅಕ್ಕಿ. ದಪ್ಪ ಕಾಳು, ಗೋಣಿಚೀಲದ ವಾಸನೆ, ನಡುನಡುವೆ ಕಲ್ಲು. ಅದನ್ನು ಎರಡೂ ಕೈಯಲ್ಲಿ ಬೊಗಸೆ ಹಿಡಿದು, ಕಣ್ಣಿಗೊತ್ತಿಕೊಂಡು ಹಾಕುತ್ತಿದ್ದರು.

ಅಜ್ಜಿ ಮೊರದಲ್ಲಿ ಆ ಅಕ್ಕಿಯ ಕಲ್ಲು ಆರಿಸುತ್ತಾ ಕೂರುತ್ತಿದ್ದುದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಬೇರೆ ಕೆಲಸಕ್ಕೆಲ್ಲ ಗಡಿಬಿಡಿ ಮಾಡುವವರು ಅದಕ್ಕೆ ಮಾತ್ರ ಆತುರಪಡುತ್ತಿರಲಿಲ್ಲ. ಆಮೇಲೆ ಎಲ್ಲ ಅಕ್ಕಿಯನ್ನೂ ಒಟ್ಟಿಗೆ ನೆನೆಹಾಕಿ, ಬಸಿದು, ಬಿಳಿ ಪಂಚೆಯ ಮೇಲೆ ನೆರಳಲ್ಲಿ ಹರವಿ, ಇನ್ನೂ ಸ್ವಲ್ಪ ತೇವ ಇರುವಾಗಲೇ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟುವುದು. ಪಾವು ಅಕ್ಕಿಗೆ ಅರ್ಧ ಪಾವು ಬೆಲ್ಲದ ಪುಡಿ. ಏಲಕ್ಕಿ. ಒಂದು ಚಮಚ ತುಪ್ಪ. ನೀರು ಒಂದು ತೊಟ್ಟೂ ಇಲ್ಲ, ಬೆಲ್ಲ ಬಿಟ್ಟ ನೀರೇ ಸಾಕು. ಎರಡು ಉಂಡೆ ಮಾಡಿ ಹೆಬ್ಬೆರಳಲ್ಲಿ ಒತ್ತಿ ಗುಳಿ ಮಾಡುತ್ತಿದ್ದರು.

ಒಂದು ದೀಪ ಮನೆಯ ಸ್ವಾಮಿಗೆ. ಇನ್ನೊಂದು ಕೋಟೆ ವೆಂಕಟರಮಣಸ್ವಾಮಿಗೆ. ಚಾಮರಾಜಪೇಟೆಯಿಂದ ನಡೆದರೆ ಎಷ್ಟು ದೂರ? ಗೋವಿಂದ ಗೋವಿಂದ ಅಂತ ಹೇಳುತ್ತಾ ಹೋದರೆ ಗೊತ್ತೇ ಆಗುವುದಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ದೇವಸ್ಥಾನ, ಪಕ್ಕದಲ್ಲೇ ಟಿಪ್ಪುವಿನ ಅರಮನೆ. ಎದುರಿನ ಎತ್ತರದ ಕಲ್ಲುಕಂಬದ ಹತ್ತಿರ ಅಜ್ಜಿ ಒಂದು ನಿಮಿಷ ನಿಲ್ಲುತ್ತಿದ್ದರು. 1791ರಲ್ಲಿ ಇಂಗ್ಲಿಷರು ಬೆಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಫಿರಂಗಿ ಗುಂಡು ಈ ಕಂಬಕ್ಕೆ ಬಡಿದು ಟಿಪ್ಪು ಉಳಿದ ಎಂದು ಹಳಬರು ಹೇಳುವ ಕಥೆ ನಿಮಗೂ ಗೊತ್ತಿರಬಹುದು. "ಏಟು ತಿನ್ನೋಕೆ ಅಂತಾನೇ ಒಂದು ಕಂಬ ನಿಲ್ಲಿಸಿಕೊಂಡಿದಾನೆ ನೋಡು" ಅನ್ನುತ್ತಿದ್ದರು ಅಜ್ಜಿ, ಪ್ರತಿ ಸಲವೂ, ಹೊಸದಾಗಿ ಹೇಳುವ ಹಾಗೆ.

ಮನೆಯ ದೀಪ ಸಂಜೆಗೆ. ಅದನ್ನು ಊದಬಾರದು, ಬತ್ತಿ ತಗ್ಗಿಸಬಾರದು. ತಾನಾಗಿ ಶಾಂತವಾಗುವ ತನಕ ಎಲ್ಲರೂ ಕಾಯಬೇಕು. ತುಪ್ಪ ಮುಗಿಯುತ್ತಾ ಬಂದ ಹಾಗೆ ಉರಿ ಗುಳಿಯೊಳಕ್ಕೆ ಇಳಿಯುತ್ತಿತ್ತು. ಆಗ ಒಂದು ವಾಸನೆ ಏಳುತ್ತಿತ್ತಲ್ಲ! ಬೆಲ್ಲ ಕರಗಿ, ಸುತ್ತ ಹಿಟ್ಟು ಕೆಂಪಗಾಗಿ, ಬತ್ತಿಯ ಬುಡದಲ್ಲಿ ಇಷ್ಟೇ ಇಷ್ಟು ಕಪ್ಪಾಗಿ. ಆ ಕಡೆ ಹೋಳಿಗೆ ಸುಟ್ಟ ವಾಸನೆಯೂ ಅಲ್ಲ, ಈ ಕಡೆ ಹೋಮದ ವಾಸನೆಯೂ ಅಲ್ಲ. ಎರಡರ ನಡುವೆ ಏನೋ. ವಠಾರದ ಮಕ್ಕಳೆಲ್ಲ ಹೊಸ್ತಿಲ ಹತ್ತಿರ ಬಂದು ಕೂರುತ್ತಿದ್ದೆವು. ಯಾರೂ ಮಾತಾಡುತ್ತಿರಲಿಲ್ಲ.

ಆ ಕೆಂಪಗಾದ ನಡುಭಾಗಕ್ಕೆ ಅಜ್ಜಿ "ದೀಪದ ಹೊಕ್ಕಳು" ಅನ್ನುತ್ತಿದ್ದರು. ಪದ್ಮನಾಭನ ಹೊಕ್ಕಳಲ್ಲಿ ಕಮಲ ಹುಟ್ಟಿತು, ಇದರಲ್ಲಿ ಬೆಳಕು ಹುಟ್ಟಿತು ಅಂತ. ಮೇಲೆ ಗರಿಗರಿ, ಒಳಗೆ ತುಪ್ಪ ಕುಡಿದು ಮೆತ್ತಗೆ. ಮೊದಲು ಸ್ವಲ್ಪ ಕಹಿ, ಆಮೇಲೆ ಸಿಹಿ. ಅಂಚಿನ ಹಿಟ್ಟು ಎಲ್ಲರಿಗೂ ಸಿಗುತ್ತಿತ್ತು. ಹೊಕ್ಕಳು ಮಾತ್ರ ಒಬ್ಬರಿಗೇ. ವಾರಕ್ಕೊಬ್ಬ ಮೊಮ್ಮಗು. ನಮ್ಮ ಪಾಲಿನ ಶನಿವಾರ ಯಾವುದು ಎಂದು ಭೀಮನ ಅಮಾವಾಸ್ಯೆಯಿಂದಲೇ ಲೆಕ್ಕ ಹಾಕುತ್ತಿದ್ದೆವು.

ಒಂದು ವರ್ಷ ನನ್ನ ಸರದಿ ಬಂದ ದಿನ ನಾನೊಂದು ತಪ್ಪು ಮಾಡಿದೆ. ಸೊಸೈಟಿ ಅಕ್ಕಿಯಿಂದ ನನ್ನ ಹೊಕ್ಕಳು ಕೆಡುತ್ತದೆ ಅನ್ನಿಸಿತು. ಹೂವಮ್ಮ ಹಾಕಿದ ಅಕ್ಕಿಯನ್ನು ಮೇಲಿನಿಂದಲೇ ತೆಗೆದು ನಲ್ಲಿ ಕಟ್ಟೆಯ ಹತ್ತಿರ ಗುಬ್ಬಿಗಳಿಗೆ ಚೆಲ್ಲಿಬಿಟ್ಟೆ. ಅಜ್ಜಿ ಚೊಂಬಿಗೆ ಕೈ ಹಾಕಿದರು. ಮುಷ್ಟಿ ಅಕ್ಕಿ ಮೂಗಿನ ಹತ್ತಿರ ತಂದರು. "ಕೊನೇಮನೆ ಅಕ್ಕಿ ಎಲ್ಲಿ?" ಬೈಯಲಿಲ್ಲ, ಹೊಡೆಯಲಿಲ್ಲ. ಚೊಂಬನ್ನು ತಿರುಗಿ ನನ್ನ ಕೈಗೇ ಕೊಟ್ಟರು.

ಎರಡನೇ ಸಲ ಹೋಗಿ ನಿಂತೆ. ಗೋವಿಂದ ಅನ್ನಲು ಗಂಟಲು ಏಳಲಿಲ್ಲ. ಹೂವಮ್ಮ ಯಾಕೆ, ಏನು ಎಂದು ಕೇಳಲಿಲ್ಲ. ಒಳಗೆ ಹೋಗಿ ಮತ್ತೆ ಬೊಗಸೆ ತುಂಬ ತಂದು ಹಾಕಿದರು. ಒಳಗೆ ಡಬ್ಬ ಬಗ್ಗಿಸಿದ ಸದ್ದು ನನಗೆ ಕೇಳಿಸಿತ್ತು. ಆ ಸದ್ದು ಈಗಲೂ ಕೇಳಿಸುತ್ತದೆ. ಅವತ್ತಿನ ಹೊಕ್ಕಳನ್ನು ಬಾಳೆಲೆಯಲ್ಲಿಟ್ಟು ಅಜ್ಜಿ ನನ್ನ ಕೈಯಲ್ಲೇ ಅವರ ಮನೆಗೆ ಕಳಿಸಿದರು.

ಕುಂಬಾರ ಭೀಮನ ಕಥೆ ನಮಗೆಲ್ಲ ಗೊತ್ತು. ತೊಂಡಮಾನ ರಾಜ ಚಿನ್ನದ ತುಳಸಿ ಅರ್ಪಿಸಿದರೆ ಸ್ವಾಮಿಯ ಪಾದದಲ್ಲಿ ಬಡ ಭೀಮ ಅರ್ಪಿಸಿದ ಮಣ್ಣಿನ ತುಳಸಿ ಇರುತ್ತಿತ್ತು. ಇವತ್ತಿಗೂ ತಿರುಮಲೆಯಲ್ಲಿ ಸ್ವಾಮಿಗೆ ಮೊಸರನ್ನ ನೈವೇದ್ಯ ಆಗುವುದು ಒಡಕು ಮಡಕೆಯಲ್ಲಿ. ಕಥೆ ಹೇಳುವಾಗ ನಮ್ಮ ಕಣ್ಣು ಒದ್ದೆಯಾಗುತ್ತದೆ. ಆದರೆ ಭೀಮ ನಮ್ಮ ಮನೆ ಬಾಗಿಲಿಗೆ ಬಂದರೆ, ಅಥವಾ ನಾವೇ ಅವನ ಬಾಗಿಲಿಗೆ ಹೋಗಬೇಕಾಗಿ ಬಂದರೆ?

ವಠಾರ ಬಿಟ್ಟ ಮೇಲೆ ಬೇಡುವುದು ನಿಂತುಹೋಯಿತು. ಅಮ್ಮ ದೀಪ ಮಾಡುತ್ತಿದ್ದರು, ಆಮೇಲೆ ನಾನೂ ಮಾಡಿದೆ, ಅಂಗಡಿಯ ಹಿಟ್ಟಿನಲ್ಲಿ. ನೋಡಲು ಬಹಳ ಚೆನ್ನಾಗಿರುತ್ತಿತ್ತು. ರುಚಿ ಮಾತ್ರ ಇರಲಿಲ್ಲ. ಈಗಂತೂ ಹಿಟ್ಟಿನ ದೀಪದ ಗುಳಿಯಲ್ಲಿ ಬೆಳ್ಳಿ ಬಟ್ಟಲು ಇಟ್ಟು ಅದರಲ್ಲಿ ಬತ್ತಿ ಹಚ್ಚುವುದನ್ನು ನೋಡುತ್ತೇನೆ. ಹಿಟ್ಟು ಕಪ್ಪಾಗಬಾರದಂತೆ. ಹಾಗಾದರೆ ಅದು ದೀಪ ಹೇಗಾಯಿತು? ಉರಿ ತಾಗದ ಹಿಟ್ಟು ಸುಮ್ನೆ ಹಿಟ್ಟು, ಅಲ್ವಾ? ಸೇವೆಗೆ ಎಂದು ಫೋನಿನಲ್ಲಿ ದುಡ್ಡು ಕಳಿಸುತ್ತೇವೆ, ರಸೀತಿಯೂ ಬರುತ್ತದೆ. ತಪ್ಪಲ್ಲ, ದೂರ ಇರುವವರು ಇನ್ನೇನು ಮಾಡುತ್ತಾರೆ. ಆದರೆ ಚೊಂಬು ಹಿಡಿದು ಇನ್ನೊಬ್ಬರ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುವುದನ್ನು ನಮ್ಮ ಮಕ್ಕಳಿಗೆ ನಾವು ಕಲಿಸಲೇ ಇಲ್ಲ. ವಾಮನನಾಗಿ ಅವನೇ ಬೇಡಿದ. ನಮಗೆ ಯಾಕೆ ಇಷ್ಟು ಬಿಂಕವೋ.

ಹೋದ ವರ್ಷ ಅಮ್ಮ ಹೋದರು. ವರ್ಷವೆಲ್ಲ ಹಬ್ಬವಿಲ್ಲ. ಈ ಶ್ರಾವಣವೇ ಮೊದಲು. ಅಮ್ಮನ ಪೆಟ್ಟಿಗೆಯಲ್ಲಿ ಆ ಚೊಂಬು ಸಿಕ್ಕಿತು. ಮೂರು ನಾಮದ ಗುರುತು ಹಿತ್ತಾಳೆಯಲ್ಲಿ ಇನ್ನೂ ಮಸುಕಾಗಿ ಇತ್ತು. ಉಜ್ಜಿದೆ. ಶನಿವಾರ ಬೆಳಗ್ಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೇಡಲು ಹೊರಟೆ.

ಮೊದಲ ಮನೆಯವರು ಚಂದಾ ಎಂದುಕೊಂಡು ಪರ್ಸ್ ತಂದರು. ಅಕ್ಕಿ ಸಾಕು ಎಂದೆ. ಇನ್ನೊಂದು ಮನೆಯ ಮಗು ಟೀ ಲೋಟದಲ್ಲಿ ಬಾಸುಮತಿ ಅಳೆದು ತಂದಿತು, ಒಂದೊಂದೇ ಹೆಜ್ಜೆ ಇಟ್ಟು, ಚೆಲ್ಲದ ಹಾಗೆ. ನಾಲ್ಕು ಮನೆ ಆಯಿತು. ಐದನೆಯದು?

ಕೆಳಗೆ ವಾಚ್‌ಮನ್ ಸಂಸಾರ ಇದೆ. ರಾಯಚೂರು ಕಡೆಯವರು. ಪಂಪಿನ ಪಕ್ಕ ಒಂದೇ ಕೋಣೆ. ಅವರ ಹತ್ತಿರ ಬೇಡುವುದೇ? ಅವರಿಗೆ ಸಂಕೋಚ ಆಗುವುದಿಲ್ಲವೇ? ಲಿಫ್ಟಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಆಮೇಲೆ ಡಬ್ಬ ಬಗ್ಗಿಸಿದ ಆ ಸದ್ದು ನೆನಪಾಯಿತು. ಮೆಟ್ಟಿಲು ಇಳಿದೆ. ಬಾಗಿಲಲ್ಲಿ ನಿಂತು "ವೆಂಕಟರಮಣಾ ಗೋವಿಂದಾ" ಎಂದೆ. ಧ್ವನಿ ನಡುಗಿತು.

ಆಕೆ ಹೊರಗೆ ಬಂದರು. ಚೊಂಬು ನೋಡಿದರು, ನನ್ನ ಮುಖ ನೋಡಿದರು. ತಲೆಗೆ ಸೆರಗು ಹೊದ್ದುಕೊಂಡರು. "ರೇಷನ್ ಅಕ್ಕಿ ಐತ್ರಿ ಅಕ್ಕಾರ. ದೇವ್ರಿಗೆ ನಡೀತೈತೇನ್ರಿ?"

"ಅದೇ ಬೇಕಮ್ಮ" ಎಂದೆ.

ಬೊಗಸೆ ತುಂಬ ತಂದು ಹಾಕಿದರು.

ಮೊರ ಇಲ್ಲ, ತಟ್ಟೆಯಲ್ಲೇ ಕಲ್ಲು ಆರಿಸಿದೆ. ಒರಳು ಇಲ್ಲ, ಮಿಕ್ಸಿ. ಹಿಟ್ಟು ಜಾಸ್ತಿ ಒಣಗಿ ದೀಪ ಬಿರುಕು ಬಿಟ್ಟಿತು. ಸೋದರತ್ತೆಗೆ ಫೋನ್ ಮಾಡಿದೆ. 80 ದಾಟಿದ್ದಾರೆ. "ಅರ್ಧ ಬಾಳೆಹಣ್ಣು ಹಾಕಿ ನಾದೇ, ಅಮ್ಮ ಹಾಗೇ ಮಾಡ್ತಿದ್ದರು" ಎಂದರು. ಅವರು ಅಮ್ಮ ಎಂದದ್ದು ನನ್ನ ಅಜ್ಜಿಯನ್ನು. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

ಸಂಜೆ ದೀಪ ಹಚ್ಚಿದೆ. ಉರಿ ಗುಳಿಗೆ ಇಳಿಯಿತು. ವಾಸನೆ ಎದ್ದಿತು. ಟಿವಿ ನೋಡುತ್ತಿದ್ದ ಮಗ ಆರಿಸಿ ಎದ್ದು ಬಂದು ಹೊಸ್ತಿಲ ಹತ್ತಿರ ಕೂತ. ಕೂರು ಎಂದು ನಾನು ಹೇಳಿರಲಿಲ್ಲ.

ದೀಪ ಶಾಂತವಾಯಿತು. ಹೊಕ್ಕಳನ್ನು ಬಿಡಿಸಿ ಎಲೆಯ ಮೇಲಿಟ್ಟೆ. ಅದು ಯಾರದೆಂದು ಬೆಳಗ್ಗೆಯೇ ಗೊತ್ತಿತ್ತು. ಬೆರಳಿಗೆ ಅಂಟಿದ್ದನ್ನು ಮಾತ್ರ ನಾಲಗೆಗೆ ಹಚ್ಚಿದೆ. ಸ್ವಲ್ಪ ಕಹಿ. ಆಮೇಲೆ ಸಿಹಿ. ದಪ್ಪ ಅಕ್ಕಿಯ ತರಿ ಹಲ್ಲಿಗೆ ಸಿಕ್ಕಿತು. ಇಷ್ಟು ವರ್ಷ ಹುಡುಕಿದ್ದು ಆ ತರಿಯನ್ನೇ. ತುಪ್ಪ ಬದಲಿಸಿದ್ದೆ, ಬೆಲ್ಲ ಬದಲಿಸಿದ್ದೆ, ಗಾಂಧಿಬಜಾರೆಲ್ಲ ಸುತ್ತಿ ಏಲಕ್ಕಿ ತಂದಿದ್ದೆ. ಕೊನೇಮನೆಯ ಅಕ್ಕಿ ನೆನಪಾಗಿರಲೇ ಇಲ್ಲ. ಗೋವಿಂದಾ, ನಿನ್ನ ದಯೆಗೆ ಏನು ಹೇಳಲಿ.

ಎಲೆ ಹಿಡಿದು ಕೆಳಗೆ ಹೋದೆ. ಆಕೆ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಮಗನನ್ನು ಕರೆದರು. ಹುಡುಗ ಕಪ್ಪಾದ ಜಾಗ ನೋಡಿ "ಸುಟ್ಟೈತಲ್ಲವ್ವಾ" ಎಂದ. "ದೀಪ ಉರದೈತಿ ಅದರಾಗ, ತಿನ್ನು" ಎಂದು ಅರ್ಧ ಅವನ ಬಾಯಿಗಿಟ್ಟು, ಅರ್ಧ ತಾವು ತಿಂದರು. ನಿಧಾನಕ್ಕೆ ಅಗಿದರು. ನಾನು ಮೆಟ್ಟಿಲು ಹತ್ತುವಾಗ ಹಿಂದಿನಿಂದ ಕರೆದರು.

"ಅಕ್ಕಾರ, ಮುಂದಿನ ಶನಿವಾರ ಕಲ್ಲು ಆರಿಸೇ ಇಟ್ಟಿರ್ತೀನ್ರಿ."