‘ಆರಾಧನೆ ಮನಸ್ಸಿಗೆ ತಟ್ಟುವುದಿಲ್ಲ, ಏನು ಮಾಡೋಣ ಮಾಸ್ಟ್ರೇ?’

ಉಡುಪಿಯ ಒಂದು ಸಿಎಸ್‌ಐ (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಪಂಗಡ) ಸಭೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹಾರ್ಮೋನಿಯಂ ನುಡಿಸುತ್ತಿದ್ದೇನೆ. ಗಾಯನ ವೃಂದಕ್ಕೆ ಹಾಡು ಕಲಿಸುವುದೂ ನಾನೇ. ಹಾಗಾಗಿ ಈ ಪ್ರಶ್ನೆ ತಿರುಗಿ ತಿರುಗಿ ನನ್ನ ಹತ್ತಿರವೇ ಬರುತ್ತದೆ. ಕ್ರಿಸ್ಮಸ್ ರಜೆಗೆ ಬೆಂಗಳೂರಿನಿಂದ, ದುಬೈಯಿಂದ ಊರಿಗೆ ಬಂದ ಹುಡುಗರು ಕೇಳುತ್ತಾರೆ. ಮಂಗಳೂರಿನ ಕಡೆಯ ಸಭೆಗಳಲ್ಲಿ ಹಾಡಿನ ಜವಾಬ್ದಾರಿ ಹೊತ್ತವರು ಫೋನ್ ಮಾಡಿ ಕೇಳುತ್ತಾರೆ. ಕಳೆದ ಡಿಸೆಂಬರಿನಲ್ಲಿ ಒಬ್ಬ ಹುಡುಗ ಕೇಳಿದ್ದು ಹೀಗೆ: “ಮಾಸ್ಟ್ರೇ, ಅಲ್ಲಿ ನಾವು ಹೋಗುವ ಚರ್ಚಿನಲ್ಲಿ ಡ್ರಮ್ಸ್ ಉಂಟು, ಸ್ಕ್ರೀನ್ ಉಂಟು, ಹಾಡುವಾಗ ಮೈ ಜುಂ ಅನ್ನುತ್ತದೆ. ಇಲ್ಲಿ ಬಂದು ಕೂತರೆ ಗಡಿಯಾರ ನೋಡುವ ಹಾಗಾಗುತ್ತದೆ. ನಾವೂ ಒಂದು ಬ್ಯಾಂಡ್ ಇಟ್ಟರೆ ಆಗ್ಲಿಕ್ಕಿಲ್ವಾ?”

ಬ್ಯಾಂಡ್ ಇಡಬಹುದು. ನನ್ನದೇನೂ ತಕರಾರಿಲ್ಲ. ಆದರೆ ಅವನ ಪ್ರಶ್ನೆಗೆ ಅದು ಉತ್ತರ ಅಲ್ಲ. ಕೊನೆಯ ಬೆಂಚಿನಲ್ಲಿ ಕೂತವರಿಗೆ ಆರಾಧನೆಯಲ್ಲಿ ಒಂದು ಕೆಲಸ ಇರಬೇಕು. ಅವರ ಬಾಯಿಗೆ, ಅವರ ಕೈಗೆ, ಆ ವಾರ ಅವರು ಹೊತ್ತುಕೊಂಡು ಬಂದ ದುಃಖಕ್ಕೆ ಅಲ್ಲಿ ಜಾಗ ಇರಬೇಕು. ಅದಿದ್ದರೆ ಹಳೆಯ ಹಾರ್ಮೋನಿಯಂ ಸಾಕು. ಅದಿಲ್ಲದಿದ್ದರೆ ಎಷ್ಟು ದೊಡ್ಡ ಸ್ಪೀಕರ್ ತಂದರೂ ಜನ ಕೇಳುಗರಾಗಿ ಬಂದು ಕೇಳುಗರಾಗಿಯೇ ಮನೆಗೆ ಹೋಗುತ್ತಾರೆ.

ಇದು ನನಗೆ ಗೊತ್ತಾದದ್ದು ನಾನೇ ತಪ್ಪು ಮಾಡಿದ ಮೇಲೆ. ಒಂದು ವರ್ಷ ಕ್ರಿಸ್ಮಸ್ಸಿಗೆ ನಾಲ್ಕು ದನಿಗಳಲ್ಲಿ ಒಟ್ಟಿಗೆ ಹಾಡುವ ಕಷ್ಟದ ಹಾಡುಗಳನ್ನು ಎರಡು ತಿಂಗಳು ಅಭ್ಯಾಸ ಮಾಡಿಸಿದ್ದೆ. ಮಕ್ಕಳು ಚೆನ್ನಾಗಿಯೇ ಹಾಡಿದರು, ಹೊಗಳಿಕೆಯೂ ಬಂತು. ಆರಾಧನೆ ಮುಗಿದು ಪುಸ್ತಕ ಕಟ್ಟಿಡುವಾಗ ಹೊಳೆಯಿತು: ಒಂದೂವರೆ ಗಂಟೆಯಲ್ಲಿ ಸಭೆ ಬಾಯಿ ಬಿಟ್ಟದ್ದು ಎರಡೇ ಸಲ. ಆ ಎರಡು ಗೀತೆಗಳನ್ನೂ ಗಾಯನ ವೃಂದಕ್ಕೆ ಅನುಕೂಲವಾಗಲಿ ಎಂದು ಮೇಲಿನ ಶ್ರುತಿಯಲ್ಲಿ ಹಿಡಿದಿದ್ದೆ. ಹಿಂದಿನ ಸಾಲಿನ ಗಂಡಸರು ಎರಡನೇ ಚರಣಕ್ಕೇ ಸುಮ್ಮನಾಗಿದ್ದರು. ಮುಂದಿನ ವಾರದಿಂದ ಸಭೆ ಹಾಡುವ ಗೀತೆಗಳನ್ನೆಲ್ಲ ಹಾರ್ಮೋನಿಯಂನಲ್ಲಿ ಎರಡು ಮನೆ ಕೆಳಗಿಳಿಸಿದೆ. ಅಷ್ಟಕ್ಕೇ ಚರ್ಚಿನ ದನಿ ಬೇರೆಯಾಯಿತು. ಪಕ್ಕದವರ ದನಿ ಕಿವಿಗೆ ಬಿದ್ದರೆ ಮಾತ್ರ ಮನುಷ್ಯ ಧೈರ್ಯವಾಗಿ ಹಾಡುತ್ತಾನೆ. ಮೈಕು ಅದನ್ನು ಮುಚ್ಚಿಬಿಟ್ಟರೆ ನಮ್ಮ ದನಿ ನಮಗೇ ಬೇಡವಾದಂತೆ ಆಗುತ್ತದೆ.

ಇನ್ನು ಮಾತು ಮತ್ತು ರಾಗದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಬಾಸೆಲ್ ಮಿಶನ್ ಎಂಬ ಕ್ರೈಸ್ತ ಪ್ರಚಾರ ಸಂಸ್ಥೆಯ, ಜರ್ಮನ್ ಮಾತಾಡುವ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. 1847ರ ಹೊತ್ತಿಗೆ ತುಳುವಿನಲ್ಲಿ ಬೈಬಲಿನ ಇಡೀ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಅಚ್ಚಾಗಿತ್ತು. ದೇವರ ಮಾತು ಜನರಿಗೆ ಅವರ ಅಡುಗೆಮನೆಯ ಭಾಷೆಯಲ್ಲೇ ಸಿಗಬೇಕೆಂದು ಅವರು ಪಟ್ಟ ಶ್ರಮಕ್ಕೆ ನಾನು ಇವತ್ತಿಗೂ ಋಣಿ. ಹಾಡುಗಳಲ್ಲಿ ಮಾತ್ರ ಒಂದು ತೊಡಕು ಉಳಿಯಿತು. ಜರ್ಮನ್ ರಾಗ, ಕನ್ನಡ ಮಾತು. ಅವರ ಭಾಷೆಯಲ್ಲಿ ಪದದ ಒಂದು ಅಕ್ಷರದ ಮೇಲೆ ಒತ್ತು ಬೀಳುತ್ತದೆ, ರಾಗವೂ ಅದಕ್ಕೆ ಸರಿಯಾಗಿ ನಡೆಯುತ್ತದೆ. ನಮ್ಮಲ್ಲಿ ಲೆಕ್ಕ ಇರುವುದು ಹ್ರಸ್ವ ದೀರ್ಘಗಳದ್ದು. ‘ಮನ’ ಎಂಬಲ್ಲಿ ಎರಡೂ ಲಘು. ರಾಗ ಮೊದಲ ಅಕ್ಷರವನ್ನು ಹಿಡಿದು ಎಳೆದರೆ ಅದು ‘ಮಾನ’ ಆಗುತ್ತದೆ. ‘ಬಲ’ ಕೊಡು ಎಂದು ಬೇಡುವ ಬಾಯಿ ‘ಬಾಲ’ ಎನ್ನುತ್ತದೆ. ಪುಸ್ತಕದಲ್ಲಿ ಅಕ್ಷರ ಸರಿಯಾಗಿಯೇ ಇರುತ್ತದೆ, ಕಿವಿಗೆ ಬೀಳುವುದು ಬೇರೆ. ಐವತ್ತು ವರ್ಷ ಹಾಗೇ ಹಾಡಿದವರಿಗೆ ಅರ್ಥದ ಕಡೆ ಗಮನ ಹೋಗುವುದೇ ನಿಂತುಹೋಗುತ್ತದೆ.

ಈ ತೊಡಕು ಆ ಕಾಲದಲ್ಲೇ ಒಬ್ಬರಿಗೆ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ. ನಿಘಂಟಿನ ಕಿಟೆಲ್ ಎಂದೇ ನಾವೆಲ್ಲ ಹೇಳುವ ಫರ್ಡಿನಾಂಡ್ ಕಿಟೆಲ್. ಅವರ ನಿಘಂಟು ಬಂದದ್ದು 1894ರಲ್ಲಿ. ಅದಕ್ಕೂ ಎಷ್ಟೋ ಮೊದಲೇ, 1862ರಲ್ಲಿ, ಯೇಸುವಿನ ಕಥೆಯನ್ನು ಅವರು ನಮ್ಮ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ ಬರೆದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಪ್ರಕಟಿಸಿದರು. ಪಾದ್ರಿಯಾಗಿ ಬಂದವರಿಗೆ ಛಂದಶ್ಶಾಸ್ತ್ರದ ಉಸಾಬರಿ ಯಾಕೆ ಎಂದು ಕೇಳಿದವರಿದ್ದಿರಬಹುದು. ಗುರು ಲಘು ಎಣಿಸುತ್ತಾ ಕೂರುವ ನನಗಂತೂ ಅದು ಆರಾಧನೆಯ ಕೆಲಸವಾಗಿಯೇ ಕಾಣುತ್ತದೆ.

ಹಳೆಯ ಜರ್ಮನ್ ರಾಗಗಳನ್ನು ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಅವುಗಳಲ್ಲಿ ಕೆಲವು ನಮ್ಮ ಅಜ್ಜಿಯಂದಿರ ಎದೆಯಲ್ಲಿ ಇಳಿದು ನಮ್ಮವೇ ಆಗಿಹೋಗಿವೆ. ಶನಿವಾರದ ಅಭ್ಯಾಸದಲ್ಲಿ ನಾನು ಮಾಡುವುದು ಇಷ್ಟೇ: ಮೊದಲು ಹಾಡನ್ನು ಮಾತಿನಂತೆ ಓದಿಸುತ್ತೇನೆ, ಬೇಡುವವರು ಹೇಗೆ ಬೇಡುತ್ತಾರೋ ಹಾಗೆ. ಆಮೇಲೆ ರಾಗ. ಎಳೆಯುವ ಕಡೆ ಎಳೆಯದೆ ಮುಂದಿನ ಅಕ್ಷರಕ್ಕೆ ಹೋಗುವುದನ್ನು ಕಲಿಸುತ್ತೇನೆ. ಹೊಸ ಇಂಗ್ಲಿಷ್ ಹಾಡುಗಳನ್ನು ಕನ್ನಡಕ್ಕೆ ಇಳಿಸಿ ಹಾಡುವಾಗಲೂ ಇದೇ ತೊಂದರೆ ಬರುತ್ತದೆ. ನಿಜವಾಗಿ ಹೇಳಬೇಕೆಂದರೆ ಅಲ್ಲಿ ಇನ್ನೂ ಹೆಚ್ಚು.

ಕೈಗೆ ಕೆಲಸ ಎಂದೆನಲ್ಲ, ಅದನ್ನು ನೋಡಬೇಕಾದರೆ ನಮ್ಮ ಕಥೋಲಿಕ ನೆರೆಮನೆಯವರ ಮೊಂತಿ ಫೆಸ್ತ್ ನೋಡಬೇಕು. ಸೆಪ್ಟೆಂಬರ್ 8, ಮರಿಯಮ್ಮನ ಜನ್ಮದಿನ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ದಿನವೂ ಹೂವು ತೆಗೆದುಕೊಂಡು ಇಗರ್ಜಿಗೆ ಹೋಗುತ್ತಾರೆ. ನಮ್ಮ ಪಕ್ಕದ ಮನೆಯ ಪುಟ್ಟ ಹುಡುಗಿ ಆ ದಿನಗಳಲ್ಲಿ ಬೆಳಿಗ್ಗೆ ಆರೂವರೆಗೆ ನಮ್ಮ ಗೇಟಿನ ಹತ್ತಿರ ನಿಂತಿರುತ್ತಾಳೆ. ಮಳೆ ಹನಿಯುತ್ತಿರುತ್ತದೆ, ತಲೆಗೆ ಒಂದು ಪ್ಲಾಸ್ಟಿಕ್ ಕವರ್. “ದೊಡ್ಡಮ್ಮಾ, ಇವತ್ತು ದಾಸವಾಳ ಉಂಟಾ?” ಎಂದು ನನ್ನ ಹೆಂಡತಿಯನ್ನು ಕೇಳುತ್ತಾಳೆ. ತುಂಬಾ ಅರಳಿದ್ದು ಅವಳಿಗೆ ಬೇಡ, ಪೂಜೆ ಮುಗಿಯುವುದರೊಳಗೆ ಬಾಡುತ್ತದೆಯಂತೆ. ಅರೆ ಅರಳಿದ್ದನ್ನೇ ಹುಡುಕಿ ತೊಟ್ಟು ಉದ್ದಕ್ಕೆ ಬಿಟ್ಟು ಕೀಳುತ್ತಾಳೆ. ಇರುವೆ ಇದ್ದರೆ ಊದಿ ಬುಟ್ಟಿಗೆ ಹಾಕುತ್ತಾಳೆ. ಭಕ್ತಿಯಿಂದ ಇರು ಎಂದು ಆ ಮಗುವಿಗೆ ಯಾರೂ ಹೇಳಿಕೊಟ್ಟಿಲ್ಲ. ಹಬ್ಬದ ದಿನ ಇಗರ್ಜಿಯಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಅದು ಮನೆಯ ಊಟದ ಮೇಜಿಗೆ ಬರುತ್ತದೆ. ಇಗರ್ಜಿಯಲ್ಲಿ ಶುರುವಾದ ಆರಾಧನೆ ಅಡುಗೆಮನೆಯಲ್ಲಿ ಮುಂದುವರಿಯುತ್ತದೆ.

1963ರ ಡಿಸೆಂಬರಿನಲ್ಲಿ ಕಥೋಲಿಕ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯ ಬಗ್ಗೆ ಹೊರಡಿಸಿದ ದಾಖಲೆಯಲ್ಲಿ, ಜನರು ಪೂರ್ಣವಾಗಿ, ತಿಳಿದು, ತಾವೇ ತೊಡಗಿ ಪಾಲುಗೊಳ್ಳಬೇಕು ಎಂಬ ಮಾತಿದೆ. ಲ್ಯಾಟಿನ್ನಿನಲ್ಲಿದ್ದ ಪೂಜೆ ಕರಾವಳಿಯಲ್ಲಿ ಕೊಂಕಣಿಗೆ, ಕನ್ನಡಕ್ಕೆ ಬಂದದ್ದು ಆಮೇಲೆ. ಹೂವು ಕೀಳುವ ಮಗುವನ್ನು ನೋಡುವಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ನಮ್ಮಲ್ಲೂ ಬೆಳೆ ಹಬ್ಬ ಉಂಟು. ಅವತ್ತು ತೆಂಗಿನಕಾಯಿ, ಸೋರೆಕಾಯಿ, ಬಾಳೆಗೊನೆ ಹೊತ್ತು ತರುವವರ ಮುಖದ ಕಳೆಯೇ ಬೇರೆ. ಆಮೇಲೆ ಏಲಂನಲ್ಲಿ ಎಷ್ಟು ಹಣ ಬಂತು ಎಂಬುದನ್ನೇ ನಾವು ದೊಡ್ಡದು ಮಾಡುತ್ತೇವೆ. ಅದು ನನಗೆ ಅಷ್ಟು ಹಿತವಾಗುವುದಿಲ್ಲ.

ಇನ್ನು ದುಃಖ. ಒಂದು ಸಭೆಯಲ್ಲಿ ನೋಡಿದ್ದನ್ನು ಹೇಳಬೇಕು, ಯಾವ ಸಭೆ ಎಂಬುದು ಬೇಡ. ಹಾಡು ನಡೆಸುವವರು ವೇದಿಕೆಯ ಮೇಲಿಂದ, ಎಲ್ಲರೂ ನಗುತ್ತಾ ಕೈ ತಟ್ಟಬೇಕು, ಅಕ್ಕಪಕ್ಕದವರ ಮುಖ ನೋಡಿ ನಗಬೇಕು ಎಂದರು. ನನ್ನ ಮುಂದಿನ ಬೆಂಚಿನಲ್ಲಿ ಇದ್ದವರು ಮಗನನ್ನು ಮಣ್ಣು ಮಾಡಿ ಇನ್ನೂ ಹತ್ತು ದಿನವಾಗದ ತಾಯಿ. ಅವರು ಕೈ ತಟ್ಟಲು ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ದೇವರ ಮನೆಯಲ್ಲಿ ಅಳಲು ಜಾಗ ಸಿಗದೆ ಅಂಗಳಕ್ಕೆ ಹೋಗಬೇಕಾಯಿತು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ.

ಬೈಬಲಿನ ನೂರೈವತ್ತು ಕೀರ್ತನೆಗಳಲ್ಲಿ ಮೊರೆಯಿಡುವವು, ಗೋಳಾಡುವವು ಎಷ್ಟಿವೆ ನೋಡಿ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗಿಲ್ಲ. ಆದರೂ ಅದನ್ನು ಯಾರೂ ಸತ್ಯವೇದದಿಂದ ತೆಗೆದುಹಾಕಲಿಲ್ಲ. ನಾವು ಮಾತ್ರ ಭಾನುವಾರಕ್ಕೆ ಹಾಡು ಆರಿಸುವಾಗ ಅವನ್ನೆಲ್ಲ ದಾಟಿ ಹೋಗುತ್ತೇವೆ. ವರ್ಷವಿಡೀ ಚರ್ಚಿನ ಕಡೆ ಕಾಣದವರು ಶುಭ ಶುಕ್ರವಾರ ಬಂದು ಮೂರು ಗಂಟೆ ಯಾಕೆ ಕೂರುತ್ತಾರೆ? “ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?” ಎಂಬ ಮಾತನ್ನು ಅವತ್ತು ಯಾರೂ ಮುಚ್ಚಿಡುವುದಿಲ್ಲ. 22ನೇ ಕೀರ್ತನೆಯ ಆ ಮೊದಲ ಸಾಲನ್ನೇ ಯೇಸು ಶಿಲುಬೆಯ ಮೇಲೆ ಕೂಗಿದ್ದು. ಈಗ ನಮ್ಮ ಸಭಾಪಾಲಕರೂ ನಾನೂ ಮಾತಾಡಿಕೊಂಡು ತಿಂಗಳಿಗೆ ಒಂದಾದರೂ ಮೊರೆಯ ಕೀರ್ತನೆಯನ್ನು ಇಡುತ್ತೇವೆ. ಓದಿದ ಮೇಲೆ ಒಂದು ನಿಮಿಷ ನಾನು ಏನೂ ನುಡಿಸುವುದಿಲ್ಲ. ಮೊದಮೊದಲು, ಮಾಸ್ಟ್ರು ಮರೆತರೋ ಏನೋ ಎಂದು ಜನ ತಿರುಗಿ ನೋಡುತ್ತಿದ್ದರು. ಈಗ ಆ ನಿಮಿಷವನ್ನು ಅವರೇ ಬಳಸಿಕೊಳ್ಳುತ್ತಾರೆ.

ಕೊನೆಗೆ, ನಮ್ಮ ಸಭೆಯದ್ದೇ ಒಂದು ದೊಡ್ಡ ಆಸ್ತಿ. ದಕ್ಷಿಣ ಭಾರತ ಸಭೆ 1947ರಲ್ಲಿ ಹುಟ್ಟಿದ ಮೇಲೆ 1950ರಲ್ಲಿ, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪವಿತ್ರ ಭೋಜನಕ್ಕೆ ಹೊಸ ಕ್ರಮ ಬಂತು. ಕೈಯಿಂದ ಕೈಗೆ ಸಮಾಧಾನ ಕೊಡುವ ಪದ್ಧತಿಯನ್ನು ಕೇರಳದ ಸಿರಿಯನ್ ಕ್ರೈಸ್ತರಿಂದ ಪಡೆದು ಅದರಲ್ಲಿ ಸೇರಿಸಿದರು. ಸಭಾಪಾಲಕರು ಕೊಟ್ಟದ್ದು ಬೆಂಚಿನಿಂದ ಬೆಂಚಿಗೆ ದಾಟುತ್ತದೆ. ಬಲ ಅಂಗೈಗೆ ಬಲ ಅಂಗೈ ಇಟ್ಟು ಎಡಗೈಯಿಂದ ಮುಚ್ಚುವುದು. ಈಗೀಗ ಅವಸರದಲ್ಲಿ ಕೈ ಮುಗಿದು ತಲೆಯಾಡಿಸಿ ಮುಗಿಸುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ.

ನನಗೂ ನನ್ನ ದೊಡ್ಡಪ್ಪನ ಮಗನಿಗೂ ಬಾವಿಯ ವಿಷಯಕ್ಕೆ ಜಗಳವಾಗಿ ಎರಡು ವರ್ಷ ಮಾತಿರಲಿಲ್ಲ. ಒಂದು ಭಾನುವಾರ ಕೈಗೆ ಪೆಟ್ಟಾಗಿ ನಾನು ನುಡಿಸದೆ ಬೆಂಚಿನಲ್ಲಿ ಕೂತಿದ್ದೆ. ಜನ ತುಂಬಿ, ತಡವಾಗಿ ಬಂದ ಅವನಿಗೆ ನನ್ನ ಪಕ್ಕವೇ ಜಾಗ ಸಿಕ್ಕಿತು. ಸಮಾಧಾನ ನನಗೆ ಬಂದದ್ದು ಅವನ ಕೈಯಿಂದ. ಹಾರೆ ಹಿಡಿದು ಜಡ್ಡುಗಟ್ಟಿದ ಅಂಗೈ. ನನ್ನ ಬೆರಳಿನ ಬ್ಯಾಂಡೇಜು ನೋಡಿ ಹಗುರವಾಗಿ ಹಿಡಿದ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಸಂಧಾನ ಮಾಡಿಕೋ ಎಂದು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿರುವುದನ್ನು ಎಷ್ಟು ಪ್ರಸಂಗಗಳಲ್ಲಿ ಕೇಳಿಲ್ಲ ನಾನು! ಬಾವಿಯ ವಿಷಯ ಇನ್ನೂ ಪೂರ್ತಿ ತೀರಿಲ್ಲ. ಆದರೆ ಆ ಸಂಜೆ ಅವನೇ ಮನೆಗೆ ಬಂದು ಕೈ ಹೇಗಿದೆ ಎಂದು ಕೇಳಿದ.

ಡಿಸೆಂಬರಿನ ಹುಡುಗನಿಗೆ ಇಷ್ಟನ್ನೆಲ್ಲ ಹೇಳುವಷ್ಟು ಹೊತ್ತಿರಲಿಲ್ಲ. “ಗಿಟಾರ್ ತೆಗೆದುಕೊಂಡು ಬಾ” ಎಂದೆ. ಒಂದೇ ಷರತ್ತು: ಕಡೇ ಚರಣಕ್ಕೆ ನಾನು ತಲೆ ಎತ್ತಿದ ಕೂಡಲೇ ನಿಲ್ಲಿಸಬೇಕು. ಬಂದ, ಚೆನ್ನಾಗಿ ನುಡಿಸಿದ. ಕಡೇ ಚರಣಕ್ಕೆ ನಾನು ತಿದಿಯಿಂದ ಕೈ ತೆಗೆದು ತಲೆ ಎತ್ತಿದೆ. ಅವನು ತಂತಿಯ ಮೇಲೆ ಅಂಗೈ ಒತ್ತಿ ನಿಲ್ಲಿಸಿದ. ಒಂದು ಸಾಲಿನ ಮಟ್ಟಿಗೆ ದನಿ ತಗ್ಗಿತು. ಆಮೇಲೆ ಹಿಂದಿನ ಬೆಂಚಿನ ಗಂಡಸರು ಎತ್ತಿಕೊಂಡರು, ಹೆಂಗಸರು ಸೇರಿದರು, ಹಂಚಿನ ಮಾಡಿನ ಕೆಳಗೆ ಬರೀ ಮನುಷ್ಯರ ದನಿ. ಹುಡುಗ ಗಿಟಾರ್ ಹಿಡಿದುಕೊಂಡೇ ಸಭೆಯ ಕಡೆಗೆ ತಿರುಗಿದ, ಪುಸ್ತಕ ನೋಡದೆ ಅವನೂ ಹಾಡತೊಡಗಿದ.