ಬಿಪಿ ಮಾತ್ರೆ ಅಂದ್ರೆ ಯಾಕಿಷ್ಟು ಹೆದರಿಕೆ?

"ಬಿಪಿ ಮಾತ್ರೆ ಒಂದ್ಸಲ ಶುರು ಮಾಡಿದ್ರೆ ಸಾಯೋವರ್ಗೂ ಬಿಡೋ ಹಾಗಿಲ್ಲ, ಇನ್ನೂ ಸ್ವಲ್ಪ ದಿನ ನೋಡೋಣ." ಈ ಮಾತು ಕೇಳಿದಾಗೆಲ್ಲ ನಂಗೆ ಸಂಕಟ ಆಗುತ್ತೆ. ನಮ್ಮ ಚಿಕ್ಕಪ್ಪನೂ 150/95 ಇಟ್ಕೊಂಡು ವರ್ಷಗಟ್ಲೆ ನೋಡ್ತಾನೇ ಇದ್ರು, ತಲೆನೋವಿಲ್ಲ ತಲೆಸುತ್ತಿಲ್ಲ ನಂಗೇನಾಗಿದೆ ಅಂತ. ಕೊನೆಗೆ ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಮಾಡಿಸಿದಾಗ ಹೃದಯದ ಎಡಭಾಗದ ಗೋಡೆ ದಪ್ಪ ಆಗಿದೆ ಅಂದ್ರು.

ಅಷ್ಟು ಒತ್ತಡದ ಎದುರು ರಕ್ತ ತಳ್ಳೀ ತಳ್ಳೀ ಆ ಸ್ನಾಯು ದಪ್ಪ ಆಗುತ್ತೆ, ಆಮೇಲೆ ಬಿಗಿಯಾಗುತ್ತೆ, ಅತ್ತ ರಕ್ತನಾಳದ ಒಳಪದರ ಹಾಳಾಗಿ ಕೊಬ್ಬು ಕೂರೋಕೆ ಶುರುವಾಗುತ್ತೆ, ಇದ್ಯಾವುದೂ ನಮಗೆ ಗೊತ್ತೇ ಆಗಲ್ಲ. ಹತ್ತಿರ ಹತ್ತಿರ 10 ಲಕ್ಷ ಜನರ ಲೆಕ್ಕ ಒಟ್ಟು ಮಾಡಿ 2002ರಲ್ಲಿ ಬಂದ ಅಧ್ಯಯನದ ಪ್ರಕಾರ 40ರಿಂದ 69 ವಯಸ್ಸಿನವರಲ್ಲಿ ಮೇಲಿನ ಬಿಪಿ (ಎರಡು ಅಂಕಿಯಲ್ಲಿ ಮೊದಲನೇದು) 115 ದಾಟಿ ಪ್ರತಿ 20 ಏರಿದಾಗ್ಲೂ ಹೃದಯರೋಗದಿಂದ ಸಾಯೋ ಸಾಧ್ಯತೆ ಎರಡರಷ್ಟಾಗುತ್ತೆ.

ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್‌ಗೆ 1944ರಲ್ಲೇ ಬಿಪಿ 186/108 ಇತ್ತು. ಅಷ್ಟು ದೊಡ್ಡ ಮನುಷ್ಯನಿಗೂ ಆಗ ಕೊಡೋಕೆ ಸರಿಯಾದ ಮಾತ್ರೆನೇ ಇರಲಿಲ್ಲ, ಮುಂದಿನ ವರ್ಷ ಏಪ್ರಿಲ್‌ನಲ್ಲಿ ಮೆದುಳಲ್ಲಿ ರಕ್ತಸ್ರಾವ ಆಗಿ 63ಕ್ಕೇ ಹೋದ್ರು. ಇವತ್ತು ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಅಂತ ಬಿಪಿ ಮಾತ್ರೆ ಎಲ್ಲಾ ಮೆಡಿಕಲ್ ಶಾಪಲ್ಲೂ ಸಿಗುತ್ತೆ, ಜನೌಷಧಿಲಿ ಇನ್ನೂ ಅಗ್ಗ. ಇಷ್ಟು ಕೈಗೆ ಸಿಗೋದನ್ನ ಬೇಡ ಅಂತೀವಲ್ಲ!

ಹಾಗಂತ ಒಂದೇ ಸಲ ನೋಡಿ ಮಾತ್ರೆ ನುಂಗಿ ಅಂತಲ್ಲ. ಕಾಫಿ ಕುಡಿದ ತಕ್ಷಣ, ಮೆಟ್ಟಿಲು ಹತ್ತಿ ಬಂದ ತಕ್ಷಣ ನೋಡಬೇಡಿ. 5 ನಿಮಿಷ ಬೆನ್ನು ಆನಿಸಿ ಸುಮ್ನೆ ಕೂತು, ಪಾದ ನೆಲಕ್ಕೆ ಊರಿ, ಕೈ ಎದೆ ಮಟ್ಟಕ್ಕೆ ಇಟ್ಟು ಎರಡು ಸಲ ನೋಡಿ, ಬೇರೆ ಬೇರೆ ದಿನಾನೂ ನೋಡಿ ಬರೆದಿಟ್ಕೊಂಡು ಡಾಕ್ಟರ್‌ಗೆ ತೋರಿಸಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ಅಂದ್ರೆ ಒಂದು ಟೀ ಚಮಚಕ್ಕಿಂತ ಕಮ್ಮಿ, ಅದ್ರಲ್ಲೇ ಸಾರು ಪಲ್ಯ ಉಪ್ಪಿನಕಾಯಿ ಹಪ್ಪಳ ಎಲ್ಲಾ ಬಂತು. ಉಪ್ಪು, ತೂಕ ಎರಡೂ ಇಳಿದ್ರೆ ಕೆಲವರಿಗೆ ಡಾಕ್ಟರೇ ಡೋಸ್ ಕಮ್ಮಿ ಮಾಡ್ತಾರೆ.

ಆಮ್ಲೋಡಿಪಿನ್‌ನಿಂದ ಕೆಲವರಿಗೆ ಕಾಲು ಊದುತ್ತೆ, ಹಾಗಾದ್ರೆ ನೀವೇ ನಿಲ್ಲಿಸಿಬಿಡಬೇಡಿ, ಹೋಗಿ ಹೇಳಿ, ಬೇರೆ ಮಾತ್ರೆ ಬರ್ಕೊಡ್ತಾರೆ.