ವಾರ್ಡಿಗೊಂದು ಕಡತ, ಕಡತಕ್ಕೆ ಮೂವರು

ನಮ್ಮ ಕಾಸರಗೋಡಿನ ಕಡೆ ಯುವ ನಾಯಕತ್ವ ಶಿಬಿರಗಳಿಗೆ ಬರವಿಲ್ಲ. ಅಲ್ಲಿ ಹುಡುಗ ಹುಡುಗಿಯರು ಸಭೆಯಲ್ಲಿ ಎದ್ದು ನಿಂತು ಮಾತಾಡಲು ಕಲಿಯುತ್ತಾರೆ, ಅದು ಬೇಕಾದದ್ದೇ. ಆದರೆ ಪಂಚಾಯತಿ ಆಫೀಸಿಗೆ ಕೊಟ್ಟ ಬೇಡಿಕೆ ಆಮೇಲೆ ಯಾರ ಮೇಜಿನಿಂದ ಯಾರ ಮೇಜಿಗೆ ಹೋಗುತ್ತದೆ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಮುಂದಿನ ಇಪ್ಪತ್ತು ವರ್ಷ ಆಡಳಿತವನ್ನು ತಿದ್ದುವವರು ಬೇಕಿದ್ದರೆ, ಒಂದೇ ಒಂದು ಕಾಮಗಾರಿಯ ಕಡತವನ್ನು ಗ್ರಾಮಸಭೆಯಿಂದ ಟ್ರೆಷರಿಯವರೆಗೆ ಬಿಡದೆ ಹಿಂಬಾಲಿಸುವುದನ್ನು ಕಲಿಸಬೇಕು. ಉಳಿದ ಪಾಠಗಳೆಲ್ಲ ಆ ದಾರಿಯಲ್ಲೇ ಸಿಗುತ್ತವೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಗಡಿಯ ಈಚೆಗಿನ ಕನ್ನಡದ ಮಕ್ಕಳಲ್ಲಿ ಅನೇಕರು ಓದುವುದು ಮಂಗಳೂರಿನಲ್ಲಿ, ಮನೆಗೆ ಬರುವ ಪತ್ರಿಕೆಯಲ್ಲಿ ಬೆಂಗಳೂರಿನ ಸುದ್ದಿ. ಕರ್ನಾಟಕದ ಪಂಚಾಯತಿಯ ಪಿಡಿಒ ಯಾರೆಂದು ಗೊತ್ತು, ನಮ್ಮ ಪಂಚಾಯತಿ ಸೆಕ್ರೆಟರಿಯ ಅಧಿಕಾರ ಎಷ್ಟೆಂದು ಗೊತ್ತಿಲ್ಲ. ನಮ್ಮನ್ನು ಆಳುವುದು 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆ. ಅದರ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಬೇಕು, ಕೋರಂಗೆ ವಾರ್ಡಿನ ಮತದಾರರಲ್ಲಿ ಶೇಕಡಾ 10 ಮಂದಿ ಇರಬೇಕು. ಸತತ ಎರಡು ಸಲ ಸಭೆ ಕರೆಯದಿದ್ದರೆ ಮೆಂಬರ ಸ್ಥಾನಕ್ಕೇ ಕುತ್ತು. ಇಷ್ಟು ತಿಳಿದಿರುವ ಇಪ್ಪತ್ತು ವರ್ಷದವರು ವಾರ್ಡಿಗೆ ಐದು ಮಂದಿ ಇದ್ದರೂ ಸಭೆಯ ಸ್ವರೂಪ ಬದಲಾಗುತ್ತದೆ.

ಒಂದು ಕಾಲುಸಂಕವನ್ನೇ, ಅಂದರೆ ನಡೆದು ದಾಟುವ ಸಣ್ಣ ಸೇತುವೆಯನ್ನೇ, ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ತೋಡು (ಸಣ್ಣ ಹಳ್ಳ) ತುಂಬಿದರೆ ಆಚೆ ಬದಿಯ ಮನೆಗಳ ಮಕ್ಕಳು ಶಾಲೆಗೆ ಬರುವಂತಿಲ್ಲ. ಗ್ರಾಮಸಭೆಯಲ್ಲಿ ಹೇಳಿದ ಬೇಡಿಕೆ ಆಯಾ ವಿಷಯದ ಯೋಜನೆ ತಯಾರಿಸುವ ಕಾರ್ಯಪಡೆಗೆ ಹೋಗಬೇಕು, ಅಲ್ಲಿಂದ ಕರಡು ಯೋಜನೆ ಚರ್ಚಿಸುವ ವಿಕಸನ ಸೆಮಿನಾರಿಗೆ, ಪಂಚಾಯತಿ ಸಮಿತಿಗೆ, ಮತ್ತೆ ಜಿಲ್ಲಾ ಯೋಜನಾ ಸಮಿತಿಯ ಅಂಗೀಕಾರಕ್ಕೆ. ಅದಾದ ಮೇಲೆ ಎಸ್ಟಿಮೇಟ್, ತಾಂತ್ರಿಕ ಮಂಜೂರಾತಿ, ಟೆಂಡರ್, ಕರಾರು, ಕೆಲಸ, ಎಂ ಬುಕ್ಕಿನಲ್ಲಿ (ಅಳತೆ ಪುಸ್ತಕದಲ್ಲಿ) ಅಳತೆ, ಬಿಲ್, ಟ್ರೆಷರಿ. ಇದರಲ್ಲಿ ಕೆಲಸ ನಿಲ್ಲುವ ಜಾಗಗಳು ಹೆಚ್ಚುಕಡಿಮೆ ಎಲ್ಲ ಕಡೆ ಅವೇ. ಸಂಕದ ಎರಡು ತುದಿಯ ಜಾಗ ಪೊರಂಬೋಕೋ (ಸರಕಾರಿ ಜಾಗ) ಖಾಸಗಿಯೋ ಎಂದು ಮೊದಲೇ ನೋಡಿರುವುದಿಲ್ಲ, ಜಾಗದವರ ಸಮ್ಮತಿ ಪತ್ರ ಇರುವುದಿಲ್ಲ. ಓವರ್ಸಿಯರ್ ಹುದ್ದೆ ಖಾಲಿ ಇದ್ದು ಎಸ್ಟಿಮೇಟ್ ತಡವಾಗುತ್ತದೆ. ಮೊತ್ತ ಕಡಿಮೆಯಾದರೆ ಟೆಂಡರಿಗೆ ಯಾರೂ ಬರುವುದಿಲ್ಲ. ಕೆಲಸ ಮುಗಿದರೂ ಬಿಲ್ಲು ಮಾರ್ಚ್ ಕೊನೆಯ ವಾರ ಟ್ರೆಷರಿಯ ಕ್ಯೂನಲ್ಲಿ ಸಿಕ್ಕಿಕೊಂಡು ಮುಂದಿನ ವರ್ಷಕ್ಕೆ ಸ್ಪಿಲ್ ಓವರ್ ಆಗುತ್ತದೆ. ರಸ್ತೆಯ ವಿಷಯವಾದರೆ ಪಂಚಾಯತಿಯ ಆಸ್ತಿ ರಿಜಿಸ್ಟರಿನಲ್ಲಿ ಅದರ ಹೆಸರಿದೆಯೇ ಎಂದು ಮೊದಲು ನೋಡಬೇಕು. ಇಲ್ಲದಿದ್ದರೆ ಅದಕ್ಕೆ ಮೆಯಿಂಟೆನೆನ್ಸ್ ಫಂಡ್ ಹಾಕಲು ಬರುವುದಿಲ್ಲ.

ಹಾಗಾಗಿ ಕಡತವನ್ನು ಹಿಂಬಾಲಿಸುವ ಮೂವರ ತಂಡ ಮೊದಲು ಕೇಳಬೇಕಾದ ಪ್ರಶ್ನೆ "ಹಣ ಎಷ್ಟು" ಎಂದಲ್ಲ, "ನಿರ್ವಹಣಾ ಅಧಿಕಾರಿ ಯಾರು", ಅಂದರೆ ಯೋಜನೆಯನ್ನು ಜಾರಿಗೆ ತರುವ ಹೊಣೆ ಯಾರದು ಎಂದು. ಕೃಷಿಯ ಯೋಜನೆಗೆ ಕೃಷಿ ಆಫೀಸರ್, ಶಾಲೆಯದ್ದಕ್ಕೆ ಹೆಡ್‌ಮಾಸ್ಟ್ರು, ಕಟ್ಟಡ ರಸ್ತೆಗಳಿಗೆ ಎಂಜಿನಿಯರ್. ಯೋಜನೆ ಕಾಗದದಲ್ಲಿ ಎಷ್ಟೇ ಚೆನ್ನಾಗಿದ್ದರೂ ಅವರ ಮೇಜಿನ ಮೇಲೆ ಬೇರೆ ಮೂವತ್ತು ಕಡತ ಇದ್ದರೆ ಇದು ಮೂವತ್ತೊಂದನೆಯದು.

ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಹೇಳಿದ್ದನ್ನು ಮಿನಿಟ್ಸಿನಲ್ಲಿ ಮಲಯಾಳದಲ್ಲಿ ಬರೆದುಕೊಳ್ಳುವಾಗ "ಸಂಕ ಬೇಕು" ಎಂಬಷ್ಟಕ್ಕೇ ಅದು ಕುಗ್ಗಿಹೋಗುವುದುಂಟು. ಯಾವ ತೋಡು, ಎಷ್ಟು ಮೀಟರ್, ಎಷ್ಟು ಮನೆ ಎಂಬುದು ಅಲ್ಲೇ ಕಳೆದುಹೋಗುತ್ತದೆ. ಇದಕ್ಕೆ ಸುಲಭದ ಉಪಾಯ ಅರ್ಧ ಹಾಳೆಯ ಬೇಡಿಕೆ. ಮೇಲೆ ಕನ್ನಡ, ಕೆಳಗೆ ಮಲಯಾಳ. ಜಾಗದ ಹೆಸರು, ಸರ್ವೆ ನಂಬರ್, ಉದ್ದ ಅಗಲ, ಉಪಯೋಗವಾಗುವ ಮನೆಗಳ ಸಂಖ್ಯೆ. ಸಭೆಗೆ ಮೊದಲೇ ಕೊಡಬೇಕು, ಮುಗಿಯುವ ಮುನ್ನ ಮಿನಿಟ್ಸ್ ಓದಿಸಿ ಕೇಳಬೇಕು. ಕನ್ನಡದಲ್ಲಿ ಪತ್ರ ಬರೆಯುವುದಕ್ಕೆ ಯಾರ ದಾಕ್ಷಿಣ್ಯವೂ ಬೇಕಾಗಿಲ್ಲ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಮತ್ತು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಆದರೂ ಆದೇಶಗಳು ಬರುವುದು ಮಲಯಾಳದಲ್ಲಿ. ಹಕ್ಕನ್ನು ಬಿಡದೆ ಕೇಳುತ್ತಲೇ ಮಲಯಾಳ ಓದಲು ಕಲಿಯದವನು ಆಡಳಿತದಲ್ಲಿ ಸದಾ ಇನ್ನೊಬ್ಬರ ಬಾಯಿಯನ್ನು ನೋಡಬೇಕಾಗುತ್ತದೆ. ತರಬೇತಿಯ ಮೊದಲ ಮೂರು ತಿಂಗಳು ವಾರಕ್ಕೊಂದು ಸರಕಾರಿ ಸುತ್ತೋಲೆಯನ್ನು ಕೂತು ಓದಿದರೆ ಸಾಕು, ಕೈ ಹತ್ತುತ್ತದೆ.

ಮಾಹಿತಿ ಹಕ್ಕಿನ ಅರ್ಜಿ ಬರೆಯುವಾಗ "ಏಕೆ ಆಗಿಲ್ಲ" ಎಂದು ಕೇಳಬೇಡಿ. ಅದಕ್ಕೆ ಉತ್ತರ ಸಿಗದು. ಎಸ್ಟಿಮೇಟಿನ ಪ್ರತಿ, ಸಮಿತಿಯ ತೀರ್ಮಾನದ ಪ್ರತಿ, ಎಂ ಬುಕ್ಕಿನ ಪುಟ, ಹೀಗೆ ದಾಖಲೆಯ ಹೆಸರು ಹಿಡಿದು ಕೇಳಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಬಾರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಅಪೀಲು. ಅರ್ಧಕ್ಕರ್ಧ ಅರ್ಜಿಗಳು ಸೋಲುವುದು ಈ ಅಪೀಲಿನ ದಿನ ಮೀರಿಹೋಗಿ ಎಂದು ನನಗನಿಸುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಒಬ್ಬರಿಗೇ ವಹಿಸಿಬಿಡಿ.

ಕಡತಕ್ಕೆ ಮೂವರು ಎಂದದ್ದು ಸುಮ್ಮನೆ ಅಲ್ಲ. ಒಬ್ಬ ಓದಲು ಬೆಂಗಳೂರಿಗೆ ಹೋಗುತ್ತಾನೆ, ಇನ್ನೊಬ್ಬ ಗಲ್ಫಿಗೆ. ಮೂವರಲ್ಲಿ ಒಬ್ಬರಾದರೂ ಊರಲ್ಲಿ ಉಳಿಯುವವರಿರಲಿ, ಕಡ್ಡಾಯವಾಗಿ ಹುಡುಗಿಯರೂ ಇರಲಿ. ಕೇರಳದ ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳಾ ಮೀಸಲಾತಿ ಶೇಕಡಾ 50, ಮೀಸಲು ವಾರ್ಡುಗಳು ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತವೆ. ವಾರ್ಡಿಗೆ ಒಬ್ಬ ಹುಡುಗನನ್ನು ಮಾತ್ರ ಬೆಳೆಸಿದರೆ ಮುಂದಿನ ಸಲ ವಾರ್ಡು ಮಹಿಳಾ ಮೀಸಲಾಗಿ, ಏನೂ ತಯಾರಿಲ್ಲದ ಯಾರದ್ದೋ ಹೆಂಡತಿಯನ್ನು ಕೊನೆಗಳಿಗೆಯಲ್ಲಿ ನಿಲ್ಲಿಸುವ ಹಳೆಯ ಕಥೆ ಮರುಕಳಿಸುತ್ತದೆ. ಹುಡುಗಿಯರನ್ನು ಹುಡುಕಲು ದೂರ ಹೋಗಬೇಕಿಲ್ಲ. ಕೇರಳದ ಮಹಿಳಾ ಸ್ವಸಹಾಯ ಜಾಲ ಕುಟುಂಬಶ್ರೀ 2021ರಲ್ಲಿ ಶುರುಮಾಡಿದ ಯುವತಿಯರ ಆಕ್ಸಿಲರಿ ಗ್ರೂಪುಗಳಲ್ಲಿ 18ರಿಂದ 40 ವರ್ಷದವರೇ ಇದ್ದಾರೆ.

ಪಂಚಾಯತಿ ಮಟ್ಟ ದಾಟಿ ನೀತಿಯ ಮಟ್ಟಕ್ಕೆ ಬಂದರೆ ನಮ್ಮ ಜಿಲ್ಲೆಯಲ್ಲಿ ಜನರ ಆರೋಗ್ಯ ಕೆಡಿಸಿದ ಕೀಟನಾಶಕ ಎಂಡೋಸಲ್ಫಾನ್ ಪ್ರಕರಣಕ್ಕಿಂತ ಒಳ್ಳೆಯ ಪಾಠ ಇನ್ನಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸುವುದು ನಿಂತದ್ದು 2000ದ ಸುಮಾರಿಗೆ, ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಕೊಟ್ಟದ್ದು 2011ರಲ್ಲಿ. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಅದೇ ಕೋರ್ಟ್ ಆದೇಶಿಸಿತು. 2022ರ ಮೇ ತಿಂಗಳಲ್ಲಿ ನೋಡಿದರೆ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಜನರಿಗೆ. ಹೋರಾಟ, ನಿಷೇಧ, ತೀರ್ಪು ಎಲ್ಲ ಆದಮೇಲೂ ಪಟ್ಟಿ ಪರಿಶೀಲನೆ, ಹಣ ಬಿಡುಗಡೆ, ಬ್ಯಾಂಕ್ ಖಾತೆ ಎಂಬ ಕೆಲಸ ಬೆಟ್ಟದಷ್ಟು ಉಳಿದಿತ್ತು. ಈ ಸಂಕಟ ಕಂಡ ಎಣ್ಮಕಜೆ ಪಂಚಾಯತಿಯ ಕಡೆಯ ಯುವಕರಿಗೆ ಈ ವರ್ಷಗಳನ್ನು ಸಾಲಾಗಿ ಬರೆದುಕೊಟ್ಟು, ಪಟ್ಟಿಯ ಒಂದು ಇಸವಿಗೂ ಮುಂದಿನ ಇಸವಿಗೂ ನಡುವೆ ಯಾವ ಕಚೇರಿ ಏನು ಮಾಡಬೇಕಿತ್ತು ಎಂದು ತುಂಬಿಸಲು ಹೇಳಿ. ಇಡೀ ಒಂದು ದಿನದ ತರಗತಿ ಅದು.

ಪಕ್ಷದ ವಿಷಯ ಬಂದೇ ಬರುತ್ತದೆ. ನಮ್ಮಲ್ಲಿ ಪಕ್ಷವಿಲ್ಲದ ಯುವಕರನ್ನು ಹುಡುಕುವುದು ಕಷ್ಟ, ಹುಡುಕಬೇಕಾದ್ದೂ ಇಲ್ಲ. ಕಡತದಲ್ಲಿರುವ ತಾರೀಕು, ಮೊತ್ತ, ಅಳತೆ ಎಲ್ಲರಿಗೂ ಒಂದೇ, ಅದರ ಮೇಲಿನ ಅಭಿಪ್ರಾಯ ಅವರವರದು ಎಂಬ ನಿಯಮ ಸಾಕು.

ಈಗಲೇ ಶುರುಮಾಡಲು ಕಾರಣವಿದೆ. 2025ರ ಡಿಸೆಂಬರಿನಲ್ಲಿ ಗೆದ್ದ ಸಮಿತಿಗಳಿಗೆ ಐದು ವರ್ಷ ಇದೆ, ರಾಜ್ಯದ 14ನೇ ಪಂಚವಾರ್ಷಿಕ ಯೋಜನೆ 2026–27ಕ್ಕೆ ಮುಗಿಯುತ್ತದೆ. ಮುಂದಿನ ಯೋಜನೆಯ ಸ್ಥಿತಿಗತಿ ವರದಿ ಬರೆಯುವ ಕಾರ್ಯಪಡೆಗಳಿಗೆ ಬರೆಯಬಲ್ಲವರು ಬೇಕು. ಸೆಕ್ರೆಟರಿಗೂ ಪ್ರೆಸಿಡೆಂಟರಿಗೂ ಒಂದೊಂದು ಪತ್ರ ಕೊಟ್ಟು, ಯಾವ ಕಾರ್ಯಪಡೆಗೆ ಯಾರು ಬರುತ್ತಾರೆಂದು ಹೆಸರು ಸಮೇತ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ.